ಹೃದಯದ ಗೋಡೆ ದಪ್ಪ ಅಂದಿದ್ದಾರೆ: ಈ ಕಾಯಿಲೆ ಎಷ್ಟು ಜನರಿಗಿದೆ, ಮುಂದೆ ಏನಾಗುತ್ತದೆ?

ಪ್ರಶ್ನೆ: ನನಗೆ 36 ವರ್ಷ. ವಿಮೆಗೋಸ್ಕರ ತಪಾಸಣೆ ಮಾಡಿಸಿದಾಗ ಇಸಿಜಿಯಲ್ಲಿ ಏನೋ ವ್ಯತ್ಯಾಸ ಇದೆ ಅಂದರು. ಎಕೋ ಮಾಡಿಸಿದೆ. ಹೃದಯದ ನಡುಗೋಡೆ 18 ಮಿಲಿಮೀಟರ್ ದಪ್ಪ ಇದೆ, ಇದು ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಎಂದು ಹೇಳಿದರು. ನನಗೆ ಬಿಪಿ ಇಲ್ಲ, ಸುಸ್ತಿಲ್ಲ, ತಲೆ ತಿರುಗಿದ್ದಿಲ್ಲ. ವಾರಕ್ಕೆ ಮೂರು ದಿನ ಓಡುತ್ತೇನೆ. ಒಂದು ಕಡೆ ಇದು ಬಹಳ ಅಪರೂಪದ ಕಾಯಿಲೆ ಎಂದಿದೆ, ಇನ್ನೊಂದು ಕಡೆ 500 ಜನರಲ್ಲಿ ಒಬ್ಬರಿಗೆ ಎಂದಿದೆ. ಒಂದು ಕಡೆ ವರ್ಷಕ್ಕೆ ನೂರರಲ್ಲಿ ಆರು ಜನ ಸಾಯುತ್ತಾರೆ ಅಂತ ಓದಿದೆ, ಇನ್ನೊಂದು ಕಡೆ ಎಲ್ಲರಷ್ಟೇ ಆಯಸ್ಸು ಅಂತ ಬರೆದಿದ್ದಾರೆ. ಯಾವುದನ್ನು ನಂಬಲಿ? ಓಟ ನಿಲ್ಲಿಸಬೇಕಾ? ಎಂಟು ವರ್ಷದ ಮಗಳಿದ್ದಾಳೆ, ಅವಳಿಗೂ ಬರುತ್ತದಾ?

ಉತ್ತರ: ನೀವು ಓದಿದ ನಾಲ್ಕರಲ್ಲಿ ಯಾವುದೂ ಯಾರೋ ಸುಮ್ನೆ ಹುಟ್ಟಿಸಿದ್ದಲ್ಲ. ಆದರೆ ನಾಲ್ಕೂ ಬೇರೆ ಬೇರೆ ಜನರನ್ನು ಎಣಿಸಿ ಬಂದ ಲೆಕ್ಕಗಳು. ಈ ಕಾಯಿಲೆಯ ಬಗ್ಗೆ ಯಾವ ಅಂಕಿ ಕಣ್ಣಿಗೆ ಬಿದ್ದರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇವರು ಯಾರನ್ನು ಎಣಿಸಿದರು? ಅದು ಗೊತ್ತಾದರೆ ನಿಮ್ಮ ಭಯದಲ್ಲಿ ಅರ್ಧ ಅಲ್ಲೇ ಇಳಿಯುತ್ತದೆ. ಉಳಿದರ್ಧಕ್ಕೆ ಕೆಲವು ಪರೀಕ್ಷೆ ಬೇಕು.

ಮೊದಲು ಇದೇನು ಅಂತ ನೋಡೋಣ. ಎಡ ಹೃತ್ಕುಕ್ಷಿಯ, ಅಂದರೆ ಹೃದಯದ ಎಡಗಡೆಯ ಕೆಳಕೋಣೆಯ ಗೋಡೆ ದೊಡ್ಡವರಲ್ಲಿ ಸಾಮಾನ್ಯವಾಗಿ 11–12 ಮಿಲಿಮೀಟರ್ ದಾಟುವುದಿಲ್ಲ. ಬಿಪಿಯಂಥ ಬೇರೆ ಕಾರಣವಿಲ್ಲದೆ ಅದು 15 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಈ ಕಾಯಿಲೆ ಎನ್ನುತ್ತೇವೆ. ಮನೆಯಲ್ಲಿ ಈಗಾಗಲೇ ಒಬ್ಬರಿಗೆ ಇದ್ದರೆ ಉಳಿದವರಿಗೆ 13 ಸಾಕು. ಹೆಚ್ಚಿನವರಲ್ಲಿ ಎರಡು ಕೋಣೆಗಳ ನಡುವಿನ ಗೋಡೆ ಮಾತ್ರ ಉಬ್ಬುತ್ತದೆ, ಹಿಂದಿನ ಗೋಡೆ ತನ್ನ ಪಾಡಿಗೆ ತಾನಿರುತ್ತದೆ. ನೀವು ಕಳಿಸಿದ ಎಕೋ ವರದಿಯಲ್ಲೂ ಹಾಗೇ ಇದೆ: ನಡುಗೋಡೆ 18, ಹಿಂಗೋಡೆ 10. ಒಳಗಿನ ಸ್ನಾಯುವಿನ ಒಂದು ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಗುರುತು ಇನ್ನೂ ಸ್ಪಷ್ಟ. ಸಾಲಾಗಿ ಒಂದೇ ದಿಕ್ಕಿಗೆ ಇರಬೇಕಾದ ಎಳೆಗಳು ಅಡ್ಡಾದಿಡ್ಡಿ ಹೆಣೆದುಕೊಂಡಿರುತ್ತವೆ, ನಡುನಡುವೆ ಬಿಳಿ ಕಲೆ ಕಟ್ಟಿರುತ್ತದೆ. ವಿದ್ಯುತ್ ಸಂಕೇತ ಆ ಗಲಿಬಿಲಿಯಲ್ಲಿ ದಾರಿ ತಪ್ಪಿದಾಗಲೇ ಅಪಾಯಕಾರಿ ಬಡಿತ ಶುರುವಾಗುವುದು.

ಈಗ ಲೆಕ್ಕಕ್ಕೆ ಬರೋಣ. ಲಂಡನ್ನಿನ ಶವಪರೀಕ್ಷಾ ತಜ್ಞ ಡೊನಾಲ್ಡ್ ಟಿಯರ್ 1958ರಲ್ಲಿ ಇದನ್ನು ವಿವರವಾಗಿ ಬರೆದರು. ಅವರ ಮುಂದಿದ್ದವರು ಹೆಚ್ಚಾಗಿ ಹಠಾತ್ತನೆ ಸತ್ತ ಯುವಜನರು. ಅಂದರೆ ಈ ಕಾಯಿಲೆ ವೈದ್ಯಲೋಕಕ್ಕೆ ಪರಿಚಯವಾಗಿದ್ದೇ ಶವಾಗಾರದ ಮೂಲಕ. ಆಮೇಲಿನ ಎರಡು ಮೂರು ದಶಕ ಇದರ ಅಧ್ಯಯನ ನಡೆದದ್ದು ಕೆಲವೇ ದೊಡ್ಡ ಕೇಂದ್ರಗಳಲ್ಲಿ. ಅಲ್ಲಿಗೆ ಬರುತ್ತಿದ್ದವರು ಯಾರು? ಮೂರ್ಛೆ ಹೋದವರು, ಅಣ್ಣನೋ ತಂಗಿಯೋ ಹಠಾತ್ ಸತ್ತವರು, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುವವರು. ವರ್ಷಕ್ಕೆ ನೂರರಲ್ಲಿ ಮೂರರಿಂದ ಆರು ಸಾವು ಎಂಬ ಅಂಕಿ ಹುಟ್ಟಿದ್ದು ಅಲ್ಲಿ. ಆರು ಅನ್ನೋದು ಮುಖ್ಯವಾಗಿ ಮಕ್ಕಳ ಲೆಕ್ಕ. ಗ್ಯಾರೇಜಿಗೆ ಬಂದ ಗಾಡಿಗಳನ್ನು ನೋಡಿ ರಸ್ತೆ ಮೇಲಿನ ಗಾಡಿಗಳೆಲ್ಲ ಕೆಟ್ಟಿವೆ ಅಂದ ಹಾಗಾಯಿತು. ಆದರೂ ಆ ಅಂಕಿ ಪಠ್ಯಪುಸ್ತಕ ಸೇರಿತು, ಅಲ್ಲಿಂದ ಕದಲಲೇ ಇಲ್ಲ. ಇವತ್ತಿಗೂ ಅದನ್ನೇ ನಕಲು ಮಾಡುವವರಿದ್ದಾರೆ. ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಎಷ್ಟು ಜನರಿಗಿದೆ ಎಂದು ತಿಳಿಯಲು ಆಸ್ಪತ್ರೆಯ ಹೊರಗೆ ಎಣಿಸಬೇಕು. ಅಮೆರಿಕದಲ್ಲಿ 23ರಿಂದ 35 ವರ್ಷದ 4,111 ಜನರಿಗೆ ಎಕೋ ಮಾಡಿದರು. ಅವರು ಯಾವ ದೂರೂ ಇಲ್ಲದೆ, ಬೇರೊಂದು ದೀರ್ಘ ಅಧ್ಯಯನಕ್ಕೆ ಸೇರಿದ್ದ ಸಾಮಾನ್ಯ ಜನ. ಅವರಲ್ಲಿ ಏಳು ಜನರಿಗೆ ಗೋಡೆ ದಪ್ಪ ಇತ್ತು. 1995ರಲ್ಲಿ ಪ್ರಕಟವಾದ ಈ ಏಳೇ ಜನರ ಲೆಕ್ಕದಿಂದ ಬಂದದ್ದು ಎಲ್ಲರೂ ಹೇಳುವ ‘500ರಲ್ಲಿ ಒಬ್ಬರು’. ಏಳು ಜನರನ್ನು ಇಟ್ಟುಕೊಂಡು ಇಡೀ ಲೋಕದ ಲೆಕ್ಕವೇ ಅನ್ನಿಸಬಹುದು. ಆದರೆ ಜಪಾನ್, ಚೀನಾಗಳಲ್ಲಿ ಬೇರೆ ತಂಡಗಳು ಬೇರೆ ಜನರನ್ನು ನೋಡಿದಾಗಲೂ ಹೆಚ್ಚು ಕಡಿಮೆ ಅಷ್ಟೇ ಬಂತು. ಹಾಗಾಗಿ ಆ ಅಂಕಿಗೆ ಬಲ ಇದೆ. 2015ರಲ್ಲಿ ಕೆಲವು ತಜ್ಞರು ಇನ್ನೂ ಮುಂದೆ ಹೋದರು. ಗೋಡೆ ಇನ್ನೂ ದಪ್ಪವಾಗದೆ ಜೀನ್ ದೋಷ ಮಾತ್ರ ಇರುವವರನ್ನೂ ಸೇರಿಸಿದರೆ 200ರಲ್ಲಿ ಒಬ್ಬರು ಆಗಬಹುದು ಎಂದರು. ಇದು ಅಂದಾಜು, ಎಣಿಸಿದ್ದಲ್ಲ. ನಾನು ರೋಗಿಗಳಿಗೆ ಹೇಳುವುದು 500ರ ಲೆಕ್ಕವನ್ನೇ.

ಹಾಗಾದರೆ ‘ಬಹಳ ಅಪರೂಪ’ ಎಂದು ಬರೆದವರು? ಅವರು ಎಣಿಸಿದ್ದು ಆಸ್ಪತ್ರೆಯ ಕಡತದಲ್ಲಿ ಈ ಕಾಯಿಲೆಯ ಹೆಸರು ಬಿದ್ದವರನ್ನು. ಆ ರೀತಿ ಎಣಿಸಿದರೆ ಕೆಲವು ಸಾವಿರ ಜನರಲ್ಲಿ ಒಬ್ಬರು ಸಿಗುತ್ತಾರೆ. ಈ ಎರಡು ಲೆಕ್ಕಗಳ ನಡುವೆ ಇರುವವರು ಎಲ್ಲಿ ಹೋದರು? ಎಲ್ಲೂ ಹೋಗಿಲ್ಲ. ಓಡಾಡಿಕೊಂಡು, ಕೆಲಸ ಮಾಡಿಕೊಂಡು ಇದ್ದಾರೆ. ಕಾಯಿಲೆ ಇದೆ ಅಂತಲೇ ಅವರಿಗೆ ಗೊತ್ತಿಲ್ಲ, ಎಷ್ಟೋ ಜನರಿಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ. ವಿಮೆ ತಪಾಸಣೆ ಇಲ್ಲದಿದ್ದರೆ ನೀವೂ ಆ ಗುಂಪಿನಲ್ಲೇ ಇರುತ್ತಿದ್ದಿರಿ, ಅಲ್ವಾ?

ಇಲ್ಲಿ ಇನ್ನೊಂದು ಗೊಂದಲವೂ ಇದೆ. ‘ಕಾರ್ಡಿಯೋಮಯೋಪತಿ’ ಎಂದಷ್ಟೇ ಹುಡುಕಿದರೆ ನಾಲ್ಕೈದು ಕಾಯಿಲೆಗಳ ಅಂಕಿಗಳು ಒಟ್ಟಿಗೆ ಬರುತ್ತವೆ. ಹೃದಯ ಹಿಗ್ಗಿ ತೆಳುವಾಗಿ ಪಂಪ್ ಸೋಲುವುದು ಒಂದು, ಹೆರಿಗೆಯ ಆಸುಪಾಸಿನಲ್ಲಿ ಬರುವುದು ಇನ್ನೊಂದು, ಅಮೈಲಾಯ್ಡ್ ಎಂಬ ಪ್ರೋಟೀನ್ ಸೇರಿಕೊಂಡು ಗೋಡೆ ಗಡಸಾಗುವುದು ಮತ್ತೊಂದು. ಅವುಗಳ ದಾರಿ ಬೇರೆ, ಮದ್ದು ಬೇರೆ, ಭವಿಷ್ಯವೂ ಬೇರೆ. ಅದನ್ನೆಲ್ಲ ನಿಮ್ಮ ತಲೆಗೆ ಹಚ್ಚಿಕೊಳ್ಳಬೇಡಿ. ದಕ್ಷಿಣ ಏಷ್ಯಾ ಮೂಲದವರಲ್ಲಿ ನೂರಕ್ಕೆ ನಾಲ್ಕು ಜನರಿಗೆ ಹೃದಯದ ಒಂದು ಜೀನ್‌ನಲ್ಲಿ 25 ಅಕ್ಷರ ಕಾಣೆಯಾಗಿದೆ ಎಂದು 2009ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಅದೂ ನಿಮ್ಮ ಕಣ್ಣಿಗೆ ಬಿದ್ದೀತು. ಆ ಬದಲಾವಣೆ ಇರುವವರಲ್ಲಿ ಹೆಚ್ಚಿನವರ ಹೃದಯ ಚೆನ್ನಾಗೇ ಇದೆ, ಜೊತೆಗೆ ಇನ್ನೊಂದು ಬದಲಾವಣೆಯೂ ಇರುವ ಸಣ್ಣ ಗುಂಪಿನ ಮೇಲೆ ಕಣ್ಣಿಡಬೇಕು ಎಂಬುದು ಆಮೇಲೆ ತಿಳಿದುಬಂತು. ಆ ನಾಲ್ಕನ್ನು ಈ ಕಾಯಿಲೆಯ ಲೆಕ್ಕಕ್ಕೆ ಸೇರಿಸಬಾರದು.

ಆಯಸ್ಸಿನ ವಿಷಯ. ರೋಗ ಪತ್ತೆಯಾದಾಗ 30ರಿಂದ 59 ವರ್ಷದವರಾಗಿದ್ದ 1,000 ರೋಗಿಗಳನ್ನು ಸರಾಸರಿ ಏಳು ವರ್ಷ ಹಿಂಬಾಲಿಸಿದ ಅಮೆರಿಕದ ಅಧ್ಯಯನವೊಂದು 2015ರಲ್ಲಿ ಬಂತು. ಇವರೂ ದೊಡ್ಡ ಕೇಂದ್ರಗಳ ರೋಗಿಗಳೇ. ಆದರೆ ಈಗಿನ ಚಿಕಿತ್ಸೆ ಸಿಕ್ಕವರು. ಈ ಕಾಯಿಲೆಯಿಂದ ಸತ್ತವರು 40 ಜನ, ಅಂದರೆ ವರ್ಷಕ್ಕೆ 200ರಲ್ಲಿ ಒಬ್ಬರು. ಒಟ್ಟು ಬದುಕುಳಿದವರ ಲೆಕ್ಕ ಅದೇ ವಯಸ್ಸಿನ ಸಾಮಾನ್ಯ ಜನರಿಗಿಂತ ಬೇರೆ ಇರಲಿಲ್ಲ. ‘ಎಲ್ಲರಷ್ಟೇ ಆಯಸ್ಸು’ ಎಂಬ ಮಾತಿನ ಮೂಲ ಇಂಥ ಅಧ್ಯಯನಗಳು. ನೀವು ಆ ವಯಸ್ಸಿನ ಗುಂಪಿನವರೇ.

ಆದರೆ ಈ ಸುದ್ದಿಯನ್ನು ಮಾತ್ರ ಹೇಳಿ ಕಳಿಸಿದರೆ ನಾನು ನಿಮಗೆ ಪೂರ್ತಿ ಹೇಳಿದಂತಾಗುವುದಿಲ್ಲ. ಆ ಸಾವಿರ ಜನರಲ್ಲಿ ಹಲವರು ಉಳಿದದ್ದು ತಾವಾಗಿಯೇ ಅಲ್ಲ. ಎದೆಯೊಳಗೆ ಇಟ್ಟ ಯಂತ್ರ ಶಾಕ್ ಕೊಟ್ಟು ಉಳಿಸಿತ್ತು, ಇಲ್ಲವೇ ಹೃದಯ ಕಸಿ ಆಗಿತ್ತು. 2018ರಲ್ಲಿ ಹಲವು ಕೇಂದ್ರಗಳ 4,591 ರೋಗಿಗಳ ದಾಖಲೆ ಪ್ರಕಟವಾಯಿತು. ಅದರ ಚಿತ್ರ ಅಷ್ಟು ತಿಳಿಯಾಗಿಲ್ಲ. ಅದರಲ್ಲಿ 20ರಿಂದ 29 ವಯಸ್ಸಿನ ರೋಗಿಗಳ ಸಾವಿನ ಪ್ರಮಾಣ ಅದೇ ವಯಸ್ಸಿನ ಸಾಮಾನ್ಯ ಜನರಿಗಿಂತ ನಾಲ್ಕು ಪಟ್ಟಿತ್ತು. ಆ ವಯಸ್ಸಿನಲ್ಲಿ ಸಾವೇ ಕಡಿಮೆ, ಆದ್ದರಿಂದ ನಾಲ್ಕು ಪಟ್ಟು ಅಂದರೂ ಸಂಖ್ಯೆ ಸಣ್ಣದೇ. 40ಕ್ಕೆ ಮೊದಲು ಪತ್ತೆಯಾದವರಿಗೆ ಮುಂದಿನ ದಶಕಗಳಲ್ಲಿ ತೊಡಕುಗಳು ಹೆಚ್ಚು. ಜೀನ್ ಪರೀಕ್ಷೆಯಲ್ಲಿ ದೋಷ ಸಿಕ್ಕವರಿಗೆ ಸಿಗದವರಿಗಿಂತ ಸುಮಾರು ಎರಡು ಪಟ್ಟು. ಆ ತೊಡಕುಗಳಲ್ಲಿ ಹೆಚ್ಚಿನವು ಜನ ಹೆದರುವ ಹಠಾತ್ ಸಾವಲ್ಲ. ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಬಡಿಯುವ ಏಟ್ರಿಯಲ್ ಫಿಬ್ರಿಲೇಶನ್, ಮತ್ತೆ ನಿಧಾನವಾಗಿ ಕೂಡಿಬರುವ ಹಾರ್ಟ್ ಫೇಲ್ಯೂರ್. ಅಂದರೆ ನಿಮ್ಮ ಮುಂದಿರುವುದು ಇವತ್ತು ನಾಳೆಯ ಅಪಾಯಕ್ಕಿಂತ ಹೆಚ್ಚಾಗಿ 50, 60ನೇ ವಯಸ್ಸಿನ ಲೆಕ್ಕ. ಈಗ ಏನೂ ಇಲ್ಲ ಎಂದು ವರದಿಯನ್ನು ಬೀರುವಿನಲ್ಲಿಟ್ಟು ಮರೆಯುವವರಿಗೆ ನಾನು ಇದನ್ನೇ ಒತ್ತಿ ಹೇಳುತ್ತೇನೆ.

ಸಾವಿರ ಜನರ ಸರಾಸರಿ ನಿಮ್ಮ ಒಬ್ಬರ ಭವಿಷ್ಯ ಅಲ್ಲ. ನಿಮ್ಮ ಲೆಕ್ಕ ಎಲ್ಲಿ ನಿಲ್ಲುತ್ತದೆ ಎಂದು ತಿಳಿಯಲು ಎರಡು ಪ್ರಶ್ನೆ ಬಗೆಹರಿಯಬೇಕು. ರಕ್ತ ಹೊರಗೆ ಹೋಗುವ ದಾರಿಯಲ್ಲಿ ಅಡ್ಡಿ ಇದೆಯಾ? ಹಠಾತ್ ಸಾವಿನ ಅಪಾಯ ಹೆಚ್ಚಿರುವ ಸಣ್ಣ ಗುಂಪಿನಲ್ಲಿ ನೀವಿದ್ದೀರಾ?

ಅಡ್ಡಿ ಹೇಗಾಗುತ್ತದೆ ಎಂಬುದನ್ನು ಎಕೋ ಪರದೆಯ ಮೇಲೆ ಕಣ್ಣಾರೆ ನೋಡಬಹುದು. ಉಬ್ಬಿದ ನಡುಗೋಡೆ ರಕ್ತದ ದಾರಿಯನ್ನು ಇಕ್ಕಟ್ಟು ಮಾಡುತ್ತದೆ. ಹೃದಯ ಹಿಂಡುವಾಗ ರಕ್ತ ಅಲ್ಲಿ ರಭಸದಿಂದ ನುಗ್ಗುತ್ತದೆ. ಆ ರಭಸ ಪಕ್ಕದ ಮೈಟ್ರಲ್ ಕವಾಟದ ಒಂದು ಎಸಳನ್ನು ಗೋಡೆಯ ಕಡೆಗೆ ದೂಡುತ್ತದೆ, ಎಸಳು ಹೋಗಿ ಗೋಡೆಗೆ ತಾಗುತ್ತದೆ. ಇದ್ದ ದಾರಿಯೂ ಮುಚ್ಚಿದಂತಾಯಿತು. ಎಸಳು ಜಾಗ ಬಿಟ್ಟಿದ್ದರಿಂದ ಕವಾಟವೂ ಸೋರುತ್ತದೆ. ಮಲಗಿರುವ ರೋಗಿಗೆ ಎದ್ದು ನಿಲ್ಲಿ ಅಂದರೆ ಸ್ಟೆತಸ್ಕೋಪಿನಲ್ಲಿ ಕೇಳುವ ಸದ್ದು ಜೋರಾಗುತ್ತದೆ, ಕುಕ್ಕರಗಾಲಲ್ಲಿ ಕೂರಿಸಿದರೆ ತಗ್ಗುತ್ತದೆ. ನಿಂತಾಗ ಹೃದಯಕ್ಕೆ ಬರುವ ರಕ್ತ ಕಡಿಮೆಯಾಗಿ ಕೋಣೆ ಇನ್ನೂ ಸಣ್ಣದಾಗುವುದೇ ಕಾರಣ. ಅಡ್ಡಿ ಇರುವವರಿಗೆ ಮೈಯಲ್ಲಿ ನೀರಿನಂಶ ಕಡಿಮೆಯಾದರೆ ತೊಂದರೆ ಆಗುವುದೂ ಇದಕ್ಕೇ.

ಈ ರೋಗಿಗಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಸುಮ್ಮನೆ ಮಲಗಿದ್ದಾಗಲೇ ಅಡ್ಡಿ ಇರುತ್ತದೆ. ಇನ್ನು ಮೂರನೇ ಒಂದು ಭಾಗಕ್ಕೆ ಶ್ರಮ ಪಟ್ಟಾಗ ಮಾತ್ರ. ಉಳಿದವರಿಗೆ ಇಲ್ಲವೇ ಇಲ್ಲ. ಆ ಇಕ್ಕಟ್ಟಿನ ಎರಡು ಬದಿಯ ಒತ್ತಡದ ವ್ಯತ್ಯಾಸ 30 (ಬಿಪಿಯಂತೆ ಮಿಮೀ ಪಾದರಸದ ಲೆಕ್ಕದಲ್ಲಿ) ದಾಟಿದರೆ ಅಡ್ಡಿ ಇದೆ ಎನ್ನುತ್ತೇವೆ, 50 ದಾಟಿ ತೊಂದರೆಯೂ ಇದ್ದರೆ ಮುಂದಿನ ಚಿಕಿತ್ಸೆಯ ಮಾತು. ನಿಮ್ಮ ವರದಿಯಲ್ಲಿ ಮಲಗಿದ್ದಾಗ 14, ಮೂಗು ಬಾಯಿ ಮುಚ್ಚಿ ಮುಕ್ಕಿದಾಗ 38. ನೀವು ಎರಡನೆಯ ಗುಂಪು. ಟ್ರೆಡ್‌ಮಿಲ್ ಮೇಲೆ ಓಡಿಸಿ ಎಕೋ ಮಾಡಿದರೆ ಎಷ್ಟು ಏರುತ್ತದೆ ಎಂದು ಗೊತ್ತಾಗುತ್ತದೆ. ಅದನ್ನು ಕೇಳಿ ಮಾಡಿಸಿಕೊಳ್ಳಿ.

ತೊಂದರೆ ಇಲ್ಲದವರಿಗೆ ಸಾಮಾನ್ಯವಾಗಿ ಮಾತ್ರೆ ಬೇಕಿಲ್ಲ. ಏದುಸಿರು, ಎದೆನೋವು ಶುರುವಾದರೆ ಬಡಿತ ನಿಧಾನಿಸುವ ಬೀಟಾ ಬ್ಲಾಕರ್ ಮಾತ್ರೆ, ಅದು ಒಗ್ಗದಿದ್ದರೆ ವೆರಾಪಮಿಲ್. ಮಾವಾಕಾಮ್‌ಟೆನ್ ಎಂಬ ಹೊಸ ಔಷಧಿಗೆ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಇದು ಸ್ನಾಯು ಅತಿಯಾಗಿ ಹಿಂಡುವುದನ್ನೇ ತಗ್ಗಿಸುತ್ತದೆ. ಹೆಚ್ಚಾದರೆ ಪಂಪ್ ಶಕ್ತಿಯೇ ಕುಗ್ಗಬಹುದು, ಹಾಗಾಗಿ ಆಗಾಗ ಎಕೋ ಮಾಡಿಸುತ್ತಿರಬೇಕು. ಮಾತ್ರೆಗೆ ಬಗ್ಗದಿದ್ದರೆ ಉಬ್ಬಿದ ಭಾಗವನ್ನು ಕೆತ್ತಿ ತೆಗೆಯುವ ಶಸ್ತ್ರಚಿಕಿತ್ಸೆ ಇದೆ. ಇದನ್ನು 1960ರ ದಶಕದಲ್ಲಿ ಬೆಳೆಸಿದವರು ಅಮೆರಿಕದ ಆಂಡ್ರೂ ಗ್ಲೆನ್ ಮಾರೋ. ಅವರಿಗೂ ಇದೇ ಕಾಯಿಲೆ ಇತ್ತು ಅನ್ನೋದು ವಿಚಿತ್ರ ಆದರೂ ನಿಜ. ನುರಿತ ಕೈಗಳಲ್ಲಿ ಈ ಶಸ್ತ್ರಚಿಕಿತ್ಸೆಯ ಸಾವಿನ ಅಪಾಯ ನೂರಕ್ಕೆ ಒಂದಕ್ಕಿಂತ ಕಡಿಮೆ. ನುರಿತ ಕೈ ಎಂಬುದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ. ವರ್ಷಕ್ಕೆ ಒಂದೆರಡು ಮಾಡುವ ಕಡೆ ಇದನ್ನು ಮಾಡಿಸಬಾರದು. ಇನ್ನೊಂದು ದಾರಿ, ತೊಡೆಯ ರಕ್ತನಾಳದಿಂದ ನಳಿಕೆ ತೂರಿಸಿ ಆ ಭಾಗಕ್ಕೆ ರಕ್ತ ಕೊಡುವ ನಾಳಕ್ಕೆ ಆಲ್ಕೋಹಾಲ್ ಬಿಟ್ಟು ಸ್ನಾಯುವನ್ನು ಕುಗ್ಗಿಸುವುದು. ಇದು 1990ರ ದಶಕದಿಂದ ನಡೆಯುತ್ತಿದೆ. ಈಗ ನಿಮಗೆ ಇದ್ಯಾವುದೂ ಬೇಡ. ಒಂದು ಎಚ್ಚರಿಕೆ ಮಾತ್ರ: ಅಡ್ಡಿ ಇರುವವರಿಗೆ ರಕ್ತನಾಳ ಹಿಗ್ಗಿಸುವ ಔಷಧಿಗಳು ಆಗಿಬರುವುದಿಲ್ಲ. ಬಿಪಿಗೆ ಕೊಡುವ ಆಮ್ಲೋಡಿಪಿನ್, ಎದೆನೋವಿಗೆ ನಾಲಿಗೆ ಕೆಳಗಿಡುವ ನೈಟ್ರೇಟ್ ಮಾತ್ರೆ, ಲೈಂಗಿಕ ತೊಂದರೆಗೆ ಕೊಡುವ ಸಿಲ್ಡೆನಾಫಿಲ್ ಈ ಜಾತಿಯವು. ಯಾವ ವೈದ್ಯರ ಹತ್ತಿರ ಹೋದರೂ ಕಾಯಿಲೆಯ ಹೆಸರನ್ನು ಮೊದಲೇ ಹೇಳಿ.

ಹಠಾತ್ ಸಾವಿನ ಅಪಾಯ ಅಳೆಯಲು ಒಂದೇ ಒಂದು ಪರೀಕ್ಷೆ ಸಾಲದು. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ಇದೇ ಕಾಯಿಲೆಯಿಂದ ಹಠಾತ್ ಸತ್ತಿದ್ದಾರಾ, ಕಾರಣ ಸಿಗದ ಮೂರ್ಛೆ ಬಂದಿದೆಯಾ, ಗೋಡೆ 30 ಮಿಲಿಮೀಟರ್ ತಲುಪಿದೆಯಾ, ಒಂದೆರಡು ದಿನ ಮೈಗೆ ಕಟ್ಟಿ ಬಡಿತ ದಾಖಲಿಸುವ ಹೋಲ್ಟರ್‌ನಲ್ಲಿ ಕೆಳಕೋಣೆಗಳಿಂದ ವೇಗದ ಬಡಿತ ಸಿಕ್ಕಿದೆಯಾ, ಎಂಆರ್‌ಐಯಲ್ಲಿ ಕಲೆ ಎಷ್ಟು ಹರಡಿದೆ, ಹೃದಯದ ತುದಿ ಉಬ್ಬಿ ಚೀಲದಂತಾಗಿದೆಯಾ, ಪಂಪ್ ಶಕ್ತಿ ಶೇಕಡಾ 50ಕ್ಕಿಂತ ಇಳಿದಿದೆಯಾ ಎಂದು ನೋಡುತ್ತೇವೆ. ಇದ್ಯಾವುದೂ ಇಲ್ಲದವರ ಅಪಾಯ ಬಹಳ ಕಡಿಮೆ. ಸೊನ್ನೆ ಅಂತ ಮಾತ್ರ ಯಾರೂ ಬರೆದುಕೊಡಲಾರರು. 60 ದಾಟಿದವರಲ್ಲಿ ಹಠಾತ್ ಸಾವು ಇನ್ನೂ ಅಪರೂಪ.

ಅಪಾಯ ಇದೆ ಅನ್ನಿಸಿದವರಿಗೆ ಐಸಿಡಿ ಎಂಬ ಯಂತ್ರ ಇಡುತ್ತಾರೆ. ಅದು ಬಡಿತವನ್ನು ಕಾಯುತ್ತಾ ಇದ್ದು, ಕೆಟ್ಟ ಲಯ ಬಂದರೆ ಶಾಕ್ ಕೊಡುತ್ತದೆ. ಈ ಕಾಯಿಲೆಯ ಸಾವಿನ ಅಂಕಿ ಇಳಿದದ್ದಕ್ಕೆ ಇದು ದೊಡ್ಡ ಕಾರಣ. ಆದರೆ ಹೆದರಿಕೆಗಾಗಿ ಮಾತ್ರ ಇಡಿಸಿಕೊಳ್ಳುವ ವಸ್ತು ಇದಲ್ಲ. 506 ರೋಗಿಗಳ ಬಗ್ಗೆ 2007ರಲ್ಲಿ ಬಂದ ವರದಿಯಲ್ಲಿ ಐವರಲ್ಲಿ ಒಬ್ಬರ ಜೀವಕ್ಕೆ ಬಂದ ಕುತ್ತನ್ನು ಯಂತ್ರ ತಡೆದಿತ್ತು. ನಾಲ್ವರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಜನರಿಗೆ ಬೇಡದ ಶಾಕ್ ಬಿದ್ದಿತ್ತು. ಎಚ್ಚರ ಇದ್ದಾಗ ಬಿದ್ದ ಶಾಕ್ ಎಂಥದ್ದು ಎಂದು ಅನುಭವಿಸಿದವರನ್ನು ಕೇಳಬೇಕು. ಕೆಲವರು ಆಮೇಲೆ ಒಬ್ಬರೇ ಹೊರಗೆ ಹೋಗಲು ಹೆದರುತ್ತಾರೆ. ಯಂತ್ರಗಳು ಈಗ ಸುಧಾರಿಸಿವೆ, ಆದರೂ ಎರಡೂ ಕಡೆ ತೂಗಿ ನೋಡಿಯೇ ನಿರ್ಧರಿಸಬೇಕು. ನಿಮ್ಮ ಹೋಲ್ಟರ್, ಎಂಆರ್‌ಐ ಎರಡೂ ಇನ್ನೂ ಆಗಿಲ್ಲ. ಅವು ಆಗುವ ಮೊದಲು ಬೇಕು ಅಂತಲೂ ಬೇಡ ಅಂತಲೂ ಹೇಳುವುದು ಆತುರ.

ಮುಂದೆ ಯಾವಾಗಲಾದರೂ ಎದೆ ಡವಡವ ಎಂದು ತಾಳ ತಪ್ಪಿ ಬಡಿದರೆ ತಡ ಮಾಡದೆ ಇಸಿಜಿ ಮಾಡಿಸಿ. ಈ ಕಾಯಿಲೆಯ ಜೊತೆ ಏಟ್ರಿಯಲ್ ಫಿಬ್ರಿಲೇಶನ್ ಸೇರಿದರೆ ಪಾರ್ಶ್ವವಾಯುವಿನ ಅಪಾಯ ಜಾಸ್ತಿ. ಇಂಥ ಬಡಿತ ಇರುವ ಬೇರೆಯವರಿಗೆ ಅಪಾಯದ ಅಂಕ ಕೂಡಿಸಿ ನೋಡಿ ರಕ್ತ ತೆಳು ಮಾಡುವ ಔಷಧಿ ಕೊಡುತ್ತೇವೆ. ಈ ರೋಗಿಗಳಿಗೆ ಅಂಕ ನೋಡದೆಯೇ ಕೊಡುತ್ತೇವೆ.

ಮಗಳ ವಿಷಯ. ಇದು ಹೆಚ್ಚಾಗಿ ಒಂದು ಜೀನ್‌ನ ದೋಷದಿಂದ ಬರುವುದು, ಅಪ್ಪ ಅಥವಾ ಅಮ್ಮ ಒಬ್ಬರಿಂದ ಬಂದರೂ ಸಾಕು. ನಿಮ್ಮಲ್ಲಿ ಆ ದೋಷ ಇದ್ದರೆ ಅವಳಿಗೆ ಬರುವ ಸಾಧ್ಯತೆ ಎರಡರಲ್ಲಿ ಒಂದು. ಬಂದರೂ ಗೋಡೆ ದಪ್ಪ ಆಗಲೇಬೇಕು ಅಂತಿಲ್ಲ, ಯಾವ ವಯಸ್ಸಿಗೆ ಆಗುತ್ತದೆ ಅಂತಲೂ ಹೇಳಲಾಗದು. ಮೊದಲು ನಿಮ್ಮ ಜೀನ್ ಪರೀಕ್ಷೆ ಮಾಡಿಸಿ. ಖಚಿತವಾದ ದೋಷ ಸಿಕ್ಕರೆ ಅದೊಂದನ್ನೇ ಅವಳಲ್ಲಿ ಹುಡುಕಬಹುದು. ಅವಳಲ್ಲಿ ಇಲ್ಲದಿದ್ದರೆ ಪದೇ ಪದೇ ಎಕೋ ಮಾಡಿಸುವ ತಾಪತ್ರಯವೇ ಇಲ್ಲ. ಆದರೆ ಪರೀಕ್ಷೆ ಮಾಡಿಸಿದ ಎಷ್ಟೋ ಜನರಿಗೆ ಏನೂ ಸಿಗುವುದಿಲ್ಲ. ಸಿಗಲಿಲ್ಲ ಅಂದ ಮಾತ್ರಕ್ಕೆ ವಂಶದಲ್ಲಿ ಇಲ್ಲ ಎಂದಲ್ಲ. ಆಗ ಅವಳಿಗೆ ಈಗೊಮ್ಮೆ ಇಸಿಜಿ, ಎಕೋ ಮಾಡಿಸಿ, ಆಮೇಲೆ ವರ್ಷ ಎರಡು ವರ್ಷಕ್ಕೊಮ್ಮೆ ನೋಡುತ್ತಿರಬೇಕು. ದೊಡ್ಡವಳಾದ ಮೇಲೆ ಮೂರರಿಂದ ಐದು ವರ್ಷಕ್ಕೊಮ್ಮೆ ಸಾಕು. ನಿಮ್ಮ ಅಪ್ಪ, ಅಮ್ಮ, ಒಡಹುಟ್ಟಿದವರೂ ಒಮ್ಮೆ ಮಾಡಿಸಲಿ. ಎಪ್ಪತ್ತರ ಅಪ್ಪನಿಗೆ 16 ಮಿಲಿಮೀಟರ್ ಗೋಡೆ ಸಿಗುವುದುಂಟು. ಅವರಿಗೆ ಇಷ್ಟು ವರ್ಷ ಏನೂ ಆಗಿಲ್ಲ ಎಂಬುದು ಮಗನಿಗೆ ಧೈರ್ಯ ಕೊಡುತ್ತದೆ. ಒಂದೇ ದೋಷ ಒಂದೇ ಮನೆಯಲ್ಲಿ ಬೇರೆ ಬೇರೆ ಥರ ವರ್ತಿಸುತ್ತದೆ ಎಂಬುದನ್ನೂ ಆ ಮಗನಿಗೆ ಹೇಳಬೇಕಾಗುತ್ತದೆ.

ಕೊನೆಗೆ ಓಟ. ಹಿಂದೆ ಈ ಹೆಸರು ಕೇಳಿದ ಕೂಡಲೇ ಆಟ, ಓಟ ಎಲ್ಲ ಬಂದ್ ಮಾಡಿಸುತ್ತಿದ್ದರು. ಅದರಿಂದ ಎಷ್ಟೋ ಜನ ತೂಕ ಏರಿಸಿಕೊಂಡರು, ಬಿಪಿ, ಸಕ್ಕರೆ ಕಾಯಿಲೆ ತಂದುಕೊಂಡರು. ಈಗ ನಿಲುವು ಬದಲಾಗಿದೆ. ಮಾತಾಡುತ್ತಾ ಮಾಡಬಹುದಾದಷ್ಟು ವೇಗದ ನಡಿಗೆ, ನಿಧಾನದ ಓಟ, ಸೈಕಲ್, ಈಜು ಒಳ್ಳೆಯದೇ. 1,660 ಜನರನ್ನು ನೋಡಿದ 2023ರ ಅಧ್ಯಯನದಲ್ಲಿ ಜೋರಾಗಿ ವ್ಯಾಯಾಮ ಮಾಡಿದವರಿಗೆ ಹದವಾಗಿ ಮಾಡಿದವರಿಗಿಂತ ಹೆಚ್ಚು ಅನಾಹುತ ಆಗಲಿಲ್ಲ. ಅವರಲ್ಲಿ ಹೆಚ್ಚಿನವರು ಪರೀಕ್ಷೆಗಳನ್ನೆಲ್ಲ ಮುಗಿಸಿ, ತಜ್ಞರ ಕಣ್ಗಾವಲಿನಲ್ಲಿ ಇದ್ದವರು ಅನ್ನೋದನ್ನು ಮರೆಯಬೇಡಿ. ಹಾಗಾಗಿ ಹೋಲ್ಟರ್, ಎಂಆರ್‌ಐ, ಟ್ರೆಡ್‌ಮಿಲ್ ಎಕೋ ಮುಗಿಯುವವರೆಗೆ ನಡಿಗೆಗೆ ಇಳಿಯಿರಿ. ಪಂತ ಕಟ್ಟಿ ಓಡುವುದು, ಉಸಿರು ಬಿಗಿಹಿಡಿದು ಭಾರ ಎತ್ತುವುದು ಬೇಡ. ವರದಿ ಚೆನ್ನಾಗಿ ಬಂದರೆ ನಿಮ್ಮ ವೈದ್ಯರ ಜೊತೆ ಕೂತು ಎಷ್ಟು ವೇಗ, ಎಷ್ಟು ಹೊತ್ತು ಎಂದು ಮಾತಾಡಿ ಮತ್ತೆ ಶುರು ಮಾಡಿ. ಬಿಸಿಲಲ್ಲಿ ಓಡಬೇಡಿ, ಮೊದಲೂ ಆಮೇಲೂ ನೀರು ಕುಡಿಯಿರಿ, ಓಡುತ್ತಿರುವವರು ತಟ್ಟನೆ ನಿಲ್ಲಬೇಡಿ, ನಿಧಾನಕ್ಕೆ ನಡಿಗೆಗೆ ಬನ್ನಿ. ಓಡುವಾಗ ಕಣ್ಣು ಕತ್ತಲಿಟ್ಟರೆ ಅಥವಾ ಪ್ರಜ್ಞೆ ತಪ್ಪಿದರೆ ಮುಂದಿನ ಭೇಟಿಯ ದಿನಕ್ಕೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.